ಒಂದು ಗಂಟೆಯ ವಾಯಿದೆ

ಏಳನೇ ತಾರೀಖು ಸೋಮವಾರ, ಬೆಳಿಗ್ಗೆ ಹತ್ತು ನಲವತ್ತಕ್ಕೆ ನಿವೃತ್ತ ನರ್ಸ್ ಒಬ್ಬರು ಠಾಣೆಗೆ ಬಂದರು. ಜೊತೆಯಲ್ಲಿ ನಲವತ್ತರ ಮಗ. ಅಮ್ಮನ ಸೆರಗು ಬಿಡದೆ ಬೆಂಚಿನ ತುದಿಯಲ್ಲಿ ಕೂತ. ವಯಸ್ಸು ಬೆಳೆದಷ್ಟು ಬುದ್ಧಿ ಬೆಳೆದಿಲ್ಲವೆಂದು ಇನ್ಸ್‌ಪೆಕ್ಟರಿಗೆ ನೋಡುತ್ತಲೇ ತಿಳಿಯಿತು.

"ನಮ್ಮೆಜಮಾನ್ರು ಬಿಟ್ಟುಹೋದ ಷೇರುಗಳು ಮೇಡಂ. ಸಾವಿರದ ನಾನೂರು. ಮಾರೋಣ ಅಂತ ಹೋದ್ರೆ ಖಾತೆಯಲ್ಲಿ ಒಂದೂ ಇಲ್ಲ."

"ಈಗ ಯಾಕೆ ಮಾರೋಕೆ ಹೋದ್ರಿ?"

ಆಕೆ ಮಗನ ಕಡೆ ನೋಡಿ ದನಿ ತಗ್ಗಿಸಿದರು. "ಇವನಿಗೊಂದು ಆಶ್ರಯಧಾಮದಲ್ಲಿ ಜಾಗ ಸಿಕ್ಕಿದೆ. ಆರು ವರ್ಷ ಕಾದಿದ್ದು. ಈ ಹದಿನೆಂಟನೇ ತಾರೀಖಿನೊಳಗೆ ಠೇವಣಿ ಕಟ್ಬೇಕು. ನನಗೆ ಎಪ್ಪತ್ತಾಯ್ತು. ನಾನು ಕಣ್ಮುಚ್ಚಿದ ಮೇಲೆ ಇವನ ತಲೆ ಯಾರು ಬಾಚ್ತಾರೆ?"

ಹನ್ನೊಂದೂವರೆಗೆ ಎಫ್‌ಐಆರ್ ದಾಖಲಾಯಿತು. ಹೆಡ್ ಕಾನ್‌ಸ್ಟೆಬಲ್ ಜೀಪು ಹತ್ತುತ್ತಾ ಗೊಣಗಿದ. "ಷೇರು ಅಂದ್ರೆ ನನಗೆ ಷೇರ್ ಆಟೋ ಒಂದೇ ಗೊತ್ತು ಮೇಡಂ."

"ನನಗೂ ಅಷ್ಟೇ. ಕೇಳಿ ತಿಳ್ಕೊಳ್ಳೋಣ."

ದಲ್ಲಾಳಿ ಕಂಪನಿ ಮೂರನೇ ಮಹಡಿಯಲ್ಲಿತ್ತು. ಗೋಡೆಯ ಪರದೆಗಳಲ್ಲಿ ಕೆಂಪು, ಹಸಿರು ಅಂಕಿಗಳು ಓಡುತ್ತಿದ್ದವು. ವಿವರಿಸಲು ಮ್ಯಾನೇಜರು ಮಾರ್ಜಿನ್ ಅಧಿಕಾರಿಯನ್ನು ಕರೆದರು. ಐವತ್ತರ ಸಣಕಲು ಮನುಷ್ಯ, ಇಸ್ತ್ರಿ ಮುರಿಯದ ಅಂಗಿ.

"ವಾಯಿದಾ ವ್ಯಾಪಾರದಲ್ಲಿ, ಅಂದ್ರೆ ಮುಂದಿನ ತಾರೀಖಿಗೆ ಕೊಳ್ಳೋದ್ರಲ್ಲಿ, ಪೂರ್ತಿ ಬೆಲೆ ಈಗಲೇ ಕೊಡಬೇಕಾಗಿಲ್ಲ ಮೇಡಂ," ಎಂದರು ಆತ. "ಒಂದು ಪಾಲು ಭದ್ರತೆಗೆ ಇಟ್ರೆ ಸಾಕು, ಅದೇ ಮಾರ್ಜಿನ್. ಹಣ ಇಡಬಹುದು, ಷೇರು ಅಡ ಇಡಬಹುದು. ಬೆಲೆ ಬಿದ್ರೆ ಭದ್ರತೆ ಸಾಲೋದಿಲ್ಲ, ಇನ್ನಷ್ಟು ತುಂಬಬೇಕು. ನಮ್ಮಲ್ಲಿ ಮಧ್ಯಾಹ್ನ ಎರಡು ಗಂಟೆ ಗಡುವು. ತುಂಬದಿದ್ರೆ ಅವರು ಕೊಂಡಿದ್ದನ್ನ ನಾವೇ ಮಾರಿಬಿಡ್ತೀವಿ."

"ಗ್ರಾಹಕರು ಅತ್ತು ಕರೆದ್ರೆ?"

"ಎರಡು ಅಂದ್ರೆ ಎರಡೇ." ಆತ ಕನ್ನಡಕ ಒರೆಸಿಕೊಂಡರು.

ಕಡತಗಳನ್ನು ಪಂಚರ ಮುಂದೆ ಜಪ್ತಿ ಮಾಡಿ ಪಂಚನಾಮೆ ಬರೆಯುವಷ್ಟರಲ್ಲಿ ಸಂಜೆಯಾಯಿತು. ನರ್ಸಮ್ಮನ ಷೇರುಗಳು ಹೋದ ತಿಂಗಳ ಹದಿನಾಲ್ಕರಂದು ಒಬ್ಬ ಫೋಟೊ ಸ್ಟುಡಿಯೊ ಮಾಲೀಕನ ಖಾತೆಗೆ ವರ್ಗವಾಗಿ, ಅಲ್ಲಿ ಮಾರ್ಜಿನ್ನಿಗೆ ಅಡವಾಗಿ, ವಾರದೊಳಗೆ ಆತನ ನಷ್ಟ ತುಂಬಲು ಮಾರಾಟವಾಗಿದ್ದವು. ವರ್ಗಾವಣೆಗೆ ಬೇಕಾದ ಒಟಿಪಿ ಹೋದದ್ದು ಆಕೆಯ ಫೋನಿಗಲ್ಲ. ಹಿಂದಿನ ದಿನವೇ ಅರ್ಜಿಯೊಂದರ ಮೂಲಕ ನಂಬರು ಬದಲಾಗಿತ್ತು.

ಮಂಗಳವಾರ ನರ್ಸಮ್ಮ ಆ ಅರ್ಜಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. "ನನ್ನ ಸಹಿ ಅಲ್ಲ. ಮೂವತ್ತಾರು ವರ್ಷ ವಾರ್ಡಿನಲ್ಲಿ ಓಡಾಡ್ತಾ ಗೀಚಿದವಳು ನಾನು, ಇಷ್ಟು ಮುದ್ದಾಗಿ ಯಾವತ್ತೂ ಬರೆದಿಲ್ಲ."

ಹೊಸ ನಂಬರಿನ ಸಿಮ್ಮು ಸ್ಟುಡಿಯೊ ಮಾಲೀಕನ ಹೆಸರಿನಲ್ಲೇ ಇತ್ತು. ಬುಧವಾರ ಒಂಬತ್ತಕ್ಕೆ ಸ್ಟುಡಿಯೊ ಬಾಗಿಲು ತೆಗೆಯುತ್ತಿದ್ದಂತೆ ಹೆಡ್ ಕಾನ್‌ಸ್ಟೆಬಲ್ ಆತನನ್ನು ಕರೆತಂದ. ಕೊಟ್ಟ ನೀರನ್ನು ಆತ ಒಂದೇ ಗುಟುಕಿಗೆ ಕುಡಿದ.

"ಸಿಮ್ ಯಾರಿಗೆ ಕೊಟ್ಟೆ?"

"ಮಾರ್ಜಿನ್ ಸಾಹೇಬ್ರಿಗೆ. ಕೇಳಿದ್ರು, ಕೊಟ್ಟೆ."

"ಯಾಕೆ ಅಂತ ಕೇಳಲಿಲ್ವಾ?"

"ಬಾವಿಗೆ ಬಿದ್ದವನು ಹಗ್ಗ ಯಾರದ್ದು ಅಂತ ಕೇಳ್ತಾನಾ ಮೇಡಂ? ಹನ್ನೆರಡನೇ ತಾರೀಖು ನನ್ನ ಮಾರ್ಜಿನ್ ಖಾಲಿಯಾಗಿತ್ತು. ಸ್ಟುಡಿಯೊ ಅಡ ಇಟ್ಟು ಆಡಿದ್ದು. ಫೋನಲ್ಲಿ ಅವರ ಕಾಲಿಗೆ ಬಿದ್ದೆ. ಒಂದು ಗಂಟೆ ಕೊಡಿ, ಇಲ್ಲಾಂದ್ರೆ ಮನೆಗೆ ಹೋಗಲ್ಲ ಅಂದೆ. ಆಯ್ತು ಅಂದ್ರು."

"ಆ ಗಂಟೆಯಲ್ಲಿ?"

"ಬೆಲೆ ಪಾತಾಳಕ್ಕೆ ಹೋಯ್ತು."

ಮಾತು ನಂಬುವಂತಿತ್ತು, ಆದರೆ ಮಾತು ಸಾಕ್ಷಿಯಲ್ಲ. ಇನ್ಸ್‌ಪೆಕ್ಟರು ಹನ್ನೆರಡನೇ ತಾರೀಖಿನ ಪಟ್ಟಿ ಬಿಡಿಸಿದರು. ಅಂದು ಮಾರ್ಜಿನ್ ತುಂಬದ ಗ್ರಾಹಕರು ಹನ್ನೊಂದು ಮಂದಿ. ಹತ್ತು ಮಂದಿಯದು ಎರಡಕ್ಕೆ ಸರಿಯಾಗಿ ಮಾರಾಟವಾಗಿತ್ತು. ಹನ್ನೊಂದನೆಯವನಾದ ಸ್ಟುಡಿಯೊ ಮಾಲೀಕನ ಹೆಸರಿನ ಮುಂದೆ 'ಚೆಕ್ ಬಂದಿದೆ' ಎಂಬ ಷರಾ. ಅಂಥ ಚೆಕ್ಕು ಬ್ಯಾಂಕಿಗೆ ಹೋದದ್ದೇ ಇಲ್ಲ. ನಂಬರು ಬದಲಾದದ್ದು ಮರುದಿನ ಬೆಳಿಗ್ಗೆ ಏಳು ಐವತ್ತಕ್ಕೆ, ಮಾರ್ಜಿನ್ ಅಧಿಕಾರಿಯ ಕಂಪ್ಯೂಟರಿನಿಂದ. ಆ ಹೊತ್ತಿಗೆ ಕಚೇರಿಯಲ್ಲಿದ್ದವರು ಆತ ಮತ್ತು ಕಸ ಗುಡಿಸುವಾಕೆ, ಇಬ್ಬರೇ.

"ಅತ್ತೆ ಸೊತ್ತು ಅಳಿಯ ದಾನ ಮಾಡಿದ ಹಾಗಾಯ್ತು," ಎಂದ ಹೆಡ್ ಕಾನ್‌ಸ್ಟೆಬಲ್. ಇನ್ಸ್‌ಪೆಕ್ಟರು ನಗಲಿಲ್ಲ.

ಶುಕ್ರವಾರ ಮಧ್ಯಾಹ್ನ ಒಂದು ಇಪ್ಪತ್ತಕ್ಕೆ ಅವರು ಮೂರನೇ ಮಹಡಿ ಹತ್ತಿದರು. ಮಾರ್ಜಿನ್ ಅಧಿಕಾರಿಯ ಮುಂದೆ ಅಂದಿನ ಪಟ್ಟಿಯಿತ್ತು. ಪೊಲೀಸರನ್ನು ಕಂಡು ಆತ ಪೆನ್ನಿನ ಮುಚ್ಚಳ ಹಾಕಿ ಎದ್ದು ನಿಂತರು. ಸಿಮ್ಮು ಡ್ರಾಯರಿನಲ್ಲೇ ಸಿಕ್ಕಿತು. ಬಂಧನದ ಮೆಮೊಗೆ ಆತ ಸಹಿ ಹಾಕಿ ಕೆಳಗೆ ಸಮಯವನ್ನೂ ಬರೆದರು.

ಠಾಣೆಯಲ್ಲಿ ಇನ್ಸ್‌ಪೆಕ್ಟರು ಕೇಳಿದರು. "ನಿಮಗೆ ಇದರಲ್ಲಿ ಎಷ್ಟು ಸಿಕ್ತು?"

"ಏನೂ ಇಲ್ಲ."

"ಮತ್ತೆ ನರ್ಸಮ್ಮನೇ ಯಾಕೆ?"

"ನಾನು ಕೊಟ್ಟ ಗಂಟೆಯ ನಷ್ಟ ಮುಚ್ಚೋಕೆ ಅಡ ಇಡೋ ಷೇರು ಬೇಕಿತ್ತು. ನಾಲ್ಕು ವರ್ಷದಿಂದ ಆ ಖಾತೆಯನ್ನ ಯಾರೂ ಮುಟ್ಟಿರಲಿಲ್ಲ. ಬೆಲೆ ಮೇಲೆ ಬಂದ ತಕ್ಷಣ ವಾಪಸ್ ಇಡೋಣ ಅಂದ್ಕೊಂಡೆ. ಬರಲಿಲ್ಲ."

"ಇಪ್ಪತ್ತೆರಡು ವರ್ಷ ಯಾರಿಗೂ ಒಂದು ನಿಮಿಷ ಬಿಟ್ಟವರಲ್ಲ ಅಂತಾರೆ. ಇವನಿಗೆ ಯಾಕೆ ಬಿಟ್ರಿ?"

ಆತ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಹೇಳತೊಡಗಿದರು. ಐದು ವರ್ಷದ ಹಿಂದೆ ಟೈಲ್ಸ್ ವ್ಯಾಪಾರಿಯೊಬ್ಬ ಇದೇ ಮಾತಿನಲ್ಲಿ ಒಂದು ಗಂಟೆ ಬೇಡಿದ್ದ. ಅಧಿಕಾರಿ ಕೊಡಲಿಲ್ಲ, ಎರಡಕ್ಕೆ ಸರಿಯಾಗಿ ಮಾರಿದರು. ಎರಡು ನಲವತ್ತಕ್ಕೆ ಬೆಲೆ ಮೇಲೆದ್ದಿತು. ವ್ಯಾಪಾರಿ ಅಂದು ಮನೆಗೆ ಹೋಗಲಿಲ್ಲ, ಮರುದಿನ ಗೋದಾಮಿನಲ್ಲಿ ಹೆಣವಾಗಿ ಸಿಕ್ಕ.

"ಅವರ ಮನೆಗೆ ಹೋಗಿದ್ದೆ ಮೇಡಂ. ಹೆಂಡತಿ ಬಯ್ಯಲಿಲ್ಲ. ಒಂದು ಗಂಟೆ ಕೊಡೋಕೆ ಆಗ್ತಿರಲಿಲ್ವಾ ಅಣ್ಣಾ ಅಂತ ಕೇಳಿದ್ರು, ಅಷ್ಟೇ. ಅದೇ ತಿಂಗಳು ನಿಯಮ ಪಾಲಿಸಿದ್ದಕ್ಕೆ ಕಂಪನಿ ನನಗೆ ಪ್ರಶಂಸಾಪತ್ರ ಕೊಡ್ತು."

ಇನ್ಸ್‌ಪೆಕ್ಟರು ಹೇಳಿಕೆಯನ್ನು ಒಂದಕ್ಷರ ಬಿಡದೆ ಬರೆಸಿಕೊಂಡರು.

ಷೇರುಗಳನ್ನು ತುಂಬಿಕೊಡುವುದಾಗಿ ಕಂಪನಿ ಲಿಖಿತದಲ್ಲಿ ಒಪ್ಪಿತು. ಆದರೆ ಕಾಗದಪತ್ರ ಮುಗಿಯಲು ಎರಡು ತಿಂಗಳು ಬೇಕಿತ್ತು. ಇನ್ಸ್‌ಪೆಕ್ಟರೇ ಆಶ್ರಯಧಾಮಕ್ಕೆ ಫೋನು ಮಾಡಿ ಬೇಡಿಕೊಂಡರೂ ಹತ್ತೊಂಬತ್ತಕ್ಕೆ ಆ ಜಾಗ ಪಟ್ಟಿಯಲ್ಲಿದ್ದ ಮುಂದಿನವರಿಗೆ ಹೋಯಿತು. ಮಗನ ಹೆಸರು ಮತ್ತೆ ಪಟ್ಟಿಯ ಕೊನೆಗೆ ಸೇರಿತು.

ಇಪ್ಪತ್ತೊಂದಕ್ಕೆ ಪೂರಕ ಹೇಳಿಕೆ ಕೊಡಲು ಬಂದ ನರ್ಸಮ್ಮನಿಗೆ ಇನ್ಸ್‌ಪೆಕ್ಟರು ಟೈಲ್ಸ್ ವ್ಯಾಪಾರಿಯ ವಿಷಯ ಹೇಳಿದರು. ಹೇಳಬೇಕಾದ ಕಟ್ಟಳೆಯೇನೂ ಇರಲಿಲ್ಲ. ಆಕೆ ಪೂರ್ತಿ ಕೇಳಿಸಿಕೊಂಡರು.

"ಸ್ಟುಡಿಯೊದವನು ಬದುಕಿದಾನಲ್ಲ?"

"ಬದುಕಿದಾನಮ್ಮ."

"ಅದು ಒಳ್ಳೇದೇ." ಆಕೆ ಮಗನ ಅಂಗಿಯ ಬಿಚ್ಚಿದ ಗುಂಡಿ ಹಾಕಿದರು. "ಆದ್ರೆ ಆ ಗಂಟೆಯನ್ನ ಅವರು ನನ್ನ ಮಗನ ಪಾಲಿನಿಂದ ತೆಗೆದು ಕೊಟ್ರು. ನನ್ನನ್ನ ಒಂದು ಮಾತು ಕೇಳಲಿಲ್ಲ."