ಕಿತ್ತ ಮೊಳೆ

“ಮೇಲಿನ ಕೆರೆ ನೋಡಿ, ಫೋಟೋ ತೆಗೀರಿ, ಬೇಕಾದ್ರೆ ಕಾಲೂ ನೆನೆಸ್ಕೊಳ್ಳಿ. ಆದ್ರೆ ದಡದಲ್ಲಿರೋ ಮೊಳೆ ಬೊಡ್ಡೇನ ಮಾತ್ರ ಮುಟ್ಬೇಡಿ ತಾಯಿ,” ಎಂದಳು ಚಹಾದಂಗಡಿಯ ಅಜ್ಜಿ.

ನರ್ಸಮ್ಮ ಲೋಟ ಕೆಳಗಿಟ್ಟು ಗಂಡನ ಕಡೆ ನೋಡಿ ಕಣ್ಣು ಮಿಟುಕಿಸಿದಳು. ಬೆಳಗ್ಗೆಯಿಂದ ಎರಡು ಬೆಟ್ಟ ಹತ್ತಿಳಿದು, ಎರಡು ಕೆರೆಗಳನ್ನು ದಾಟಿ ಬಂದಿದ್ದರು. ಮೂರನೆಯದು ಎಲ್ಲಕ್ಕಿಂತ ಮೇಲಿತ್ತು. ಅಲ್ಲಿಗೆ ಹೋಗುವ ದಾರಿಯ ಕೊನೆಯ ಅಂಗಡಿ ಇದು.

“ಮುಟ್ಟಿದ್ರೆ ಏನಾಗುತ್ತೆ ಅಜ್ಜಿ?”

ಅಜ್ಜಿ ಒಲೆಯ ಮೇಲಿನ ಪಾತ್ರೆಯನ್ನು ಇಳಿಸಿ, ಸೆರಗಿನಲ್ಲಿ ಕೈಯೊರೆಸಿಕೊಂಡು ಹತ್ತಿರ ಬಂದಳು.

“ಹಿಂದೆ ಇಲ್ಲಿ ಅಣ್ಣತಮ್ಮ ಇದ್ರು. ತಮ್ಮನ ಸಂಸಾರ ಹಾಳಾಗ್ಲಿ ಅಂತ ಅಣ್ಣ ಮಾಟ ಮಾಡಿಸ್ದ. ಅದು ತಮ್ಮನ ಕೈಗೆ ಹೊಕ್ಕೊಳ್ತು. ಹೆಂಡತಿ ಅಂದ್ರೆ ಜೀವ ಬಿಡೋನು, ಅದೇ ಕೈಯಲ್ಲಿ ಅವಳ ಕತ್ತು ಮುರಿದ. ಆಮೇಲೆ ಅದು ಆ ಮನೆಯಿಂದ ಈ ಮನೆಗೆ ಹಬ್ತಾ ಹೋಯ್ತು. ಕೊನೆಗೆ ಬಲ್ಲವರೊಬ್ಬರು ಬಂದು, ಅದು ಹತ್ತಿದ ಒಂದೊಂದು ಕೈಗೂ ಒಂದೊಂದು ಮೊಳೆ ಹೊಡೆದು ಬೊಡ್ಡೆಗೆ ಕಟ್ಟಿಹಾಕಿದ್ರು. ಕಿತ್ತೋರ ಕೈ ಆಮೇಲೆ ಅವರ ಕೈಯಾಗಿರಲ್ಲ. ಆ ಮೊಳೇನ ಕಿತ್ತ ಕೈಯೊಳಗಿಂದ್ಲೇ ತೂರಿಸಿ ಮತ್ತೆ ಬೊಡ್ಡೆಗೆ ಇಳಿಸ್ಬೇಕು. ಬೇರೆ ದಾರಿ ಇಲ್ಲ.”

“ಅಜ್ಜಿ, ನಾನು ಹದಿನಾರು ವರ್ಷದಿಂದ ಮೂಳೆ ವಾರ್ಡಲ್ಲಿ ನರ್ಸು. ಮನುಷ್ಯರ ತೊಡೆಯಿಂದಲೇ ಮೊಳೆ ಕೀಳೋದನ್ನ ನೋಡಿದೀನಿ. ಅದರ ಹಿಂದೆ ಕೀವು ಬಂದಿದೆಯೇ ಹೊರತು ದೆವ್ವ ಬಂದಿಲ್ಲ.”

ಅಜ್ಜಿ ನಗಲಿಲ್ಲ. ಗಂಡ ನಕ್ಕ, ಆದರೆ ಅರ್ಧಕ್ಕೇ ನಿಲ್ಲಿಸಿದ.

ಅವನು ದೂರದ ಊರುಗಳಿಗೆ ಬಸ್ಸು ಓಡಿಸುವವನು. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಇದು ಇಬ್ಬರದೂ ಮೊದಲ ಪ್ರವಾಸ. ಅವಳಿಗೆ ರಾತ್ರಿ ಪಾಳಿ ಇದ್ದರೆ ಅವನಿಗೆ ಹಗಲು ಪಾಳಿ, ಅವನು ಮನೆಗೆ ಬಂದರೆ ಅವಳು ಚಪ್ಪಲಿ ಮೆಟ್ಟುತ್ತಿದ್ದಳು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಚೀಟಿಗಳಲ್ಲೇ ಅವರ ಸಂಸಾರ ನಡೆದಿತ್ತು. ಅವಳ ನಾಲಿಗೆ ಹರಿತ, ಅವನ ಸಹನೆ ದೊಡ್ಡದು. ಅವಳು ಏನಂದರೂ ನುಂಗಿಕೊಂಡು, “ಆಯ್ತು ಸಿಸ್ಟರ್” ಎಂದುಬಿಡುತ್ತಿದ್ದ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ದನಿಯೆತ್ತಿದವನಲ್ಲ.

ಕಾರು ಏರು ಹತ್ತಿತು. ತಿರುವಿಗೊಂದು ಕಣಿವೆ, ಕಣಿವೆಯ ತುಂಬ ಬಿಸಿಲು. ಕೆಳಗೆ ಬಿಟ್ಟುಬಂದ ಕೆರೆಗಳು ಯಾರೋ ಬೀಳಿಸಿಹೋದ ಕನ್ನಡಿ ಚೂರುಗಳ ಹಾಗೆ ಮಿನುಗುತ್ತಿದ್ದವು. ಕೊನೆಯ ತಿರುವು ಕಳೆದದ್ದೇ ಮೇಲಿನ ಕೆರೆ ತೆರೆದುಕೊಂಡಿತು. ಮಧ್ಯಾಹ್ನ ಮೂರು ಗಂಟೆಯ ಬಿಸಿಲು ಬಿದ್ದಿದ್ದರೂ ಆ ನೀರು ಹೊಳೆಯುತ್ತಿರಲಿಲ್ಲ. ಬೆಳಕನ್ನು ಕುಡಿದು ಸುಮ್ಮನೆ ಮಲಗಿತ್ತು.

ಬೊಡ್ಡೆಯನ್ನು ಹುಡುಕಬೇಕಾಗಲಿಲ್ಲ. ನೀರಿನಿಂದ ಹತ್ತು ಹೆಜ್ಜೆ ದೂರದಲ್ಲಿ, ಮೊಣಕಾಲೆತ್ತರಕ್ಕೆ, ಇದ್ದಿಲಿನಂತೆ ಕಪ್ಪಾಗಿ ನಿಂತಿತ್ತು. ಮೈಯೆಲ್ಲ ಮೊಳೆ. ಕಮ್ಮಾರ ಬಡಿದು ಮಾಡಿದ ಗೇಣುದ್ದದ ಚೌಕ ಮೊಳೆಗಳು. ಕೆಲವು ಕತ್ತಿನವರೆಗೆ ಇಳಿದಿದ್ದವು, ಕೆಲವು ಅರ್ಧ ಹೊರಗಿದ್ದವು. ಸುತ್ತ ಹುಲ್ಲು ಬೆಳೆದಿರಲಿಲ್ಲ. ಗಾಳಿಯಲ್ಲಿ ಸುಟ್ಟ ಕೂದಲಿನ ವಾಸನೆ ಇತ್ತು.

“ನೋಡಾಯ್ತಲ್ಲ, ಬಾ ಹೋಗೋಣ,” ಎಂದ ಗಂಡ. ಕಾರಿನ ಬಾಗಿಲನ್ನು ಹಿಡಿದೇ ನಿಂತಿದ್ದ.

“ಅಯ್ಯೋ, ಐವತ್ತು ಜನರನ್ನ ಕೂರಿಸ್ಕೊಂಡು ಘಾಟಿ ಇಳಿಸೋ ಗಂಡಸು! ಮರದ ತುಂಡಿಗೆ ಹೆದರ್ತೀರಲ್ರೀ. ನಿಮ್ಮಂಥ ಪುಕ್ಕಲರು ಇರೋದ್ರಿಂದಲೇ ಇಂಥವು ಬದುಕಿರೋದು.”

ಅವನ ಕಿವಿ ಕೆಂಪಾಯಿತು. ಏನೂ ಹೇಳಲಿಲ್ಲ. ಅವನು ಹೇಳದೇ ಇದ್ದದ್ದಕ್ಕೇ ಅವಳಿಗೆ ಹಟ ಬಂತು. ಬಾಗಿ, ಹೊರಗೆ ಚಾಚಿದ್ದ ಒಂದು ಮೊಳೆಯನ್ನು ಬಲಗೈಯಲ್ಲಿ ಹಿಡಿದಳು. ತಿರುಚಿ ಎಳೆಯಬೇಕಾದೀತು ಅಂದುಕೊಂಡಿದ್ದಳು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಅದು ಬಂದುಬಿಟ್ಟಿತು. ತೂತಿನಿಂದ ಕಪ್ಪು ನೀರು ಒಂದಿಷ್ಟು ಒಸರಿತು. ಎಲ್ಲೋ ಕೂಗುತ್ತಿದ್ದ ಹಕ್ಕಿ ಅರ್ಧ ಕೂಗಿಗೇ ನಿಂತಿತು.

“ನೋಡಿ, ಬದುಕೇ ಇದೀನಿ,” ಎಂದು ನಕ್ಕು, ಮೊಳೆಯನ್ನು ಜಾಕೆಟ್ಟಿನ ಜೇಬಿಗೆ ಹಾಕಿಕೊಂಡಳು. “ಟೀವಿ ಮೇಲೆ ಇಡೋಣ.”

ಕಾರು ದಡದ ದಾರಿ ಹಿಡಿಯಿತು. ಅವಳು ಎಡಗಡೆಯ ಸೀಟಿನಲ್ಲಿ ಕೂತು ನೀರನ್ನು ನೋಡುತ್ತಿದ್ದಳು. ಬಲಗೈ ತಣ್ಣಗಾಗುತ್ತಿದೆ ಅನ್ನಿಸಿತು. ಐಸಿನಲ್ಲಿ ಅದ್ದಿದ ಹಾಗಲ್ಲ. ಶವಾಗಾರದಲ್ಲಿ ಹೆಣ ಮುಟ್ಟಿದರೆ ಕೈಗೆ ತಗಲುತ್ತದಲ್ಲ, ಆ ತಣುಪು.

“ಏನಮ್ಮ, ಬೈದು ಐದು ನಿಮಿಷ ಆಗಿಲ್ಲ, ಆಗಲೇ ಪ್ರೀತಿ ಉಕ್ಕಿ ಬಂತಾ?” ಎಂದ ಗಂಡ. ದನಿಯಲ್ಲಿ ನಗು ಇತ್ತು.

ಅವಳು ತಿರುಗಿದಳು. ಅವಳ ಬಲಗೈ ಅವನ ಕುತ್ತಿಗೆಯ ಮೇಲಿತ್ತು. ಬೆರಳುಗಳು ಕಿವಿಯ ಕೆಳಗೆ ಮೆಲ್ಲಗೆ ಸವರುತ್ತಿದ್ದವು. ಏನನ್ನೋ ಹುಡುಕುವ ಹಾಗೆ. ನಾಡಿ ಹುಡುಕುವ ಹಾಗೆ.

ಅವಳು ಕೈಯೆತ್ತಿರಲೇ ಇಲ್ಲ.

“ರೀ,” ಎಂದಳು. “ರೀ, ಕಾರು ನಿಲ್ಸಿ.”

ಬೆರಳುಗಳಿಗೆ ನಾಡಿ ಸಿಕ್ಕಿತು. ಮುಚ್ಚಿಕೊಂಡವು.

ಅವನ ಬಾಯಿಂದ ಬಂದದ್ದು ಮಾತಲ್ಲ. ಒದ್ದೆ ಬಟ್ಟೆ ಹಿಂಡಿದ ಸದ್ದು. ಅವನು ಸ್ಟೇರಿಂಗ್ ಬಿಟ್ಟು ಎರಡೂ ಕೈಯಿಂದ ಅವಳ ಮಣಿಕಟ್ಟನ್ನು ಹಿಡಿದ. ಅವಳೂ ತನ್ನ ಎಡಗೈಯಿಂದ ತನ್ನದೇ ಬೆರಳುಗಳನ್ನು ಬಿಡಿಸಲು ಎಳೆದಳು. ಒಂದು ಬೆರಳು ಲಟಕ್ಕೆಂದು ಹಿಂದಕ್ಕೆ ಮುರಿಯಿತು. ನೋವು ತಲೆಯವರೆಗೂ ಹತ್ತಿತು. ನೋವು ಮಾತ್ರ ಅವಳದು, ಹಿಡಿತ ಅವಳದಲ್ಲ. ಮುರಿದ ಬೆರಳೂ ಬಿಡಲಿಲ್ಲ. ಕಾರು ದಾರಿ ಬಿಟ್ಟಿತು. ಬಂಡೆ ಬಂತು. ಗಾಜು ಸಿಡಿಯಿತು.

ಮತ್ತೆ ಕಣ್ಣು ಬಿಟ್ಟಾಗ ಅವಳು ಜಲ್ಲಿಯ ಮೇಲೆ ಮೊಣಕಾಲೂರಿದ್ದಳು. ಬಾಯಲ್ಲಿ ಕಬ್ಬಿಣದ ರುಚಿ. ಎದುರಿಗೆ ಗಂಡ, ತುಟಿ ಹರಿದು, ಎದೆಯೆಲ್ಲ ರಕ್ತವಾಗಿ, ತೆವಳಿಕೊಂಡು ಬರುತ್ತಿದ್ದ. “ಏಟಾಯ್ತೇನೇ? ಎಲ್ಲಿ ಏಟಾಯ್ತು?” ಎಂದು ಕೇಳುತ್ತಲೇ ಬರುತ್ತಿದ್ದ.

“ಹತ್ರ ಬರ್ಬೇಡಿ! ಇದು ನಾನಲ್ಲ! ಓಡಿ!”

ಕೈ ಆಗಲೇ ಕಲ್ಲೊಂದನ್ನು ಆರಿಸಿಕೊಂಡಿತ್ತು. ಅವಳ ಮೈಯನ್ನು ಹಿಂದಿನಿಂದ ದಬ್ಬಿದಂತೆ ಮುಂದಕ್ಕೆ ಎಳೆಯಿತು. ಮೊದಲ ಏಟು ಅವನ ಭುಜಕ್ಕೆ ಬಿತ್ತು. ಎರಡನೆಯದು ಕತ್ತಿನ ಬುಡದ ಮೂಳೆಗೆ. ಮೂಳೆ ಮುರಿದ ಸದ್ದು ಅವಳಿಗೆ ಗೊತ್ತು. ಹದಿನಾರು ವರ್ಷ ಅಂಥ ಮೂಳೆಗಳಿಗೇ ಪಟ್ಟಿ ಕಟ್ಟಿದವಳು. ಅವನು ತಿರುಗಿ ಹೊಡೆಯಲಿಲ್ಲ. ಮುಖ ಮುಚ್ಚಿಕೊಂಡು, “ಬೇಡ ಕಣೇ, ಬೇಡ,” ಎನ್ನುತ್ತ ಹಿಂದೆ ಹಿಂದೆ ಸರಿದ. ಮೂರನೆಯ ಏಟಿಗೆ ಅವನ ಹಲ್ಲು ಜಲ್ಲಿಯ ಮೇಲೆ ಬಿತ್ತು.

“ಓಡಿ ಅಂದ್ನಲ್ರೀ!”

ಅವನು ಎದ್ದು ಓಡಿದ. ಇಪ್ಪತ್ತು ಹೆಜ್ಜೆ ಹೋದನೋ ಇಲ್ಲವೋ, ಹಿಂದೆ ಕಲ್ಲು ಬಿದ್ದ ಸದ್ದಾಯಿತು. ಕೈಗೆ ಬೇಕಾದದ್ದು ದೂರ ಹೋಗಿತ್ತು. ಅದು ತನಗೆ ಸಿಕ್ಕ ಮತ್ತೊಂದು ಕತ್ತಿಗೆ ತಿರುಗಿತು. ಅವಳದೇ ಕತ್ತು.

ಅವಳು ಮಲಗಿ ಒದ್ದಾಡಿದಳು. ಆಕಾಶ ನೀಲಿಯಾಗಿತ್ತು, ಆಮೇಲೆ ಕಂದು ಬಣ್ಣಕ್ಕೆ ತಿರುಗಿತು. ಸುಟ್ಟ ಕೂದಲಿನ ವಾಸನೆ ತನ್ನ ಅಂಗೈಯಿಂದಲೇ ಬರುತ್ತಿದೆ ಎಂದು ಆಗ ಗೊತ್ತಾಯಿತು. ಕಿವಿಯಲ್ಲಿ ಕೆರೆ ಮೊರೆಯತೊಡಗಿತು. ಅಷ್ಟರಲ್ಲಿ ಯಾರೋ ಅವಳ ಎದೆಯ ಮೇಲೆ ಕೂತು ಆ ಕೈಯನ್ನು ಎಳೆದರು. ಅವನೇ. ವಾಪಸು ಬಂದಿದ್ದ. ಒಂದು ತೋಳು ಜೋತಾಡುತ್ತಿತ್ತು. ಇನ್ನೊಂದರಿಂದ ತನ್ನ ಸೊಂಟದ ಬೆಲ್ಟ್ ಬಿಚ್ಚಿ ಅವಳ ಮಣಿಕಟ್ಟಿಗೆ ಬಿಗಿದು, ಕತ್ತಿನಿಂದ ಇಂಚು ಇಂಚಾಗಿ ಬಿಡಿಸಿದ. ಉಗುರಿನ ಜೊತೆಗೆ ಚರ್ಮವೂ ಬಂತು.

ಅವಳಿಗೆ ಉಸಿರು ಬಂದಾಗ ಬಂದ ಮೊದಲ ಮಾತು, “ಮೊಳೆ.”

“ಏನು?”

“ಅಜ್ಜಿ ಹೇಳಿದ್ದು. ಜೇಬಲ್ಲಿದೆ. ಬೊಡ್ಡೆ ಹತ್ರ ಕರ್ಕೊಂಡ್ಹೋಗಿ.”

“ನಂಗಾಗಲ್ಲ. ನಿನ್ನ ಕೈಗೆ ನಾನು…”

“ಆಗಲ್ಲ ಅಂದ್ರೆ ಇಬ್ರೂ ಇಲ್ಲೇ ಸಾಯ್ತೀವಿ! ಎಳೀರಿ!”

ದಾರಿ ದಡವನ್ನೇ ಸುತ್ತಿ ಬಂದಿದ್ದರಿಂದ ಬೊಡ್ಡೆ ಅಲ್ಲಿಂದ ಕೂಗಳತೆಯ ದೂರದಲ್ಲೇ ಇತ್ತು. ಕಾರಿನ ಡಿಕ್ಕಿಯಿಂದ ವೀಲ್ ಸ್ಪ್ಯಾನರ್ ತೆಗೆದು ಅವನು ಕಂಕುಳಿಗೆ ಸಿಕ್ಕಿಸಿಕೊಂಡ. ಬೆಲ್ಟ್ ಹಿಡಿದು ಅವಳನ್ನು ಎಳೆದ. ಕೈ ಬಿಡುವ ಹಾಗಿರಲಿಲ್ಲ. ಅದು ದಾರಿಯುದ್ದಕ್ಕೂ ಬೇರು ಹಿಡಿಯಿತು, ಕಲ್ಲು ಹಿಡಿಯಿತು, ಅವನ ಕಾಲು ಹಿಡಿದು ಮೀನಖಂಡಕ್ಕೆ ಉಗುರಿಳಿಸಿತು. ಅವನು ಕಿರುಚಿದ, ಎಳೆದ. ಬೊಡ್ಡೆ ಹತ್ತಿರವಾದಂತೆಲ್ಲ ಅದರ ಜೋರು ಹೆಚ್ಚಿತು. ಬೆಲ್ಟಿನೊಳಗೆ ಮಣಿಕಟ್ಟಿನ ಎಲುಬು ಮುರಿದದ್ದು ಅವಳಿಗೆ ಕೇಳಿಸಿತು. ಅಳುವುದಕ್ಕೆ ಅವಳಲ್ಲಿ ಉಸಿರಿರಲಿಲ್ಲ.

ಅವನು ಅವಳ ಅಂಗೈಯನ್ನು ಬೊಡ್ಡೆಯ ತಲೆಯ ಮೇಲಿಟ್ಟು ಮೊಣಕಾಲಿನಿಂದ ಅದುಮಿದ. ಅದರಡಿ ಬೆರಳುಗಳು ಏಡಿಯ ಕಾಲುಗಳಂತೆ ಮರ ಕೆರೆದವು. ಅವಳು ಎಡಗೈಯಿಂದ ಜೇಬು ತಡಕಿ ಮೊಳೆ ತೆಗೆದಳು. ಅದು ಬೆಚ್ಚಗಿತ್ತು. ನಡುಬೆರಳಿನ ಮೂಳೆಗೂ ಅದರ ಪಕ್ಕದ್ದಕ್ಕೂ ನಡುವೆ ಜಾಗ ಗುರುತಿಸಿ, ಮೊನೆಯನ್ನು ತಾನೇ ಅಲ್ಲಿ ನಿಲ್ಲಿಸಿ ಹಿಡಿದಳು.

“ಇಲ್ಲಿ. ಮೂಳೆಗೆ ತಗಲಬಾರದು. ನೇರ ಹೊಡೀರಿ.”

ಅವನು ಸ್ಪ್ಯಾನರ್ ಎತ್ತಿದ. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು.

“ಹೊಡೀರಿ!”

ಹೊಡೆದ. ಮೊಳೆ ಚರ್ಮ ದಾಟಿತು. ಅವಳು ಕಿರುಚಿದಳು. ಕಿರುಚಾಟ ಕೆರೆಯ ಆ ದಡಕ್ಕೆ ಹೋಗಿ ವಾಪಸು ಬಂತು. ಎರಡನೇ ಏಟು. ಮೊಳೆ ಅಂಗೈ ದಾಟಿ ಮರ ಮುಟ್ಟಿತು. ಮೂರನೇ ಏಟು. ಮೊಳೆ ತಲೆಯವರೆಗೂ ಇಳಿಯಿತು.

ಬೆರಳುಗಳು ಒಮ್ಮೆ ಚಾಚಿಕೊಂಡು ಸೋತು ಬಿದ್ದವು. ತಣ್ಣಗಿದ್ದ ಕೈಗೆ ಬಿಸಿ ರಕ್ತ ನುಗ್ಗಿತು. ಕೈ ಮತ್ತೆ ಅವಳದಾಯಿತು. ಎಲ್ಲೋ ಹಕ್ಕಿ ಕೂಗಿತು.

“ಸಾಕು,” ಎಂದಳು. “ಹೋಯ್ತು. ಸಾಕು ರೀ.”

ನಾಲ್ಕನೇ ಏಟು ಬಿತ್ತು.

“ರೀ!”

ಐದು. ಆರು. ಅವನ ಕಣ್ಣು ಅವಳ ಮುಖದ ಮೇಲೇ ಇತ್ತು, ಮೊಳೆಯ ಮೇಲಿರಲಿಲ್ಲ. ಏಳನೇ ಏಟು ಗೆಣ್ಣುಗಳ ಮೇಲೆ ಬಿತ್ತು. ಆಮೇಲೆ ಅವಳು ಎಣಿಸಲಿಲ್ಲ.

ಬೆಟ್ಟದ ಬುಡದ ಆಸ್ಪತ್ರೆಯಲ್ಲಿ ಮೂರನೆಯ ದಿನ ಅವಳಿಗೆ ಪೂರ್ತಿ ಎಚ್ಚರವಾಯಿತು. ಆ ದಾರಿಯಲ್ಲಿ ಬಂದ ಸೌದೆ ಲಾರಿಯವರು ಇಬ್ಬರನ್ನೂ ಕರೆತಂದಿದ್ದರಂತೆ. ಮೊಳೆಯನ್ನು ಅಲ್ಲೇ ಬಿಟ್ಟು ಕೈಯನ್ನಷ್ಟೇ ಎತ್ತಿ ಬಿಡಿಸಿದ್ದರಂತೆ. ಎರಡು ಬೆರಳು ಉಳಿದಿವೆ ಎಂದರು ಡಾಕ್ಟರು. ಉಳಿದವು ಜಜ್ಜಿಹೋಗಿದ್ದವು, ಕತ್ತರಿಸದೆ ಗತಿಯಿರಲಿಲ್ಲ. ಕೈ ಕಾರಿನಡಿ ಸಿಕ್ಕಿತು ಎಂದು ಗಂಡ ಬರೆಸಿದ್ದ, ಬೊಡ್ಡೆಯ ವಿಷಯ ಬಲ್ಲ ಲಾರಿಯವರೂ ಬಾಯಿಬಿಟ್ಟಿರಲಿಲ್ಲ. ಅವಳೂ ಅದನ್ನೇ ಹೇಳಿದಳು. ಇನ್ನೇನು ಹೇಳಿದರೂ ನಂಬುವವರು ಯಾರು? ವಾರದ ಹಿಂದೆ ಅವಳೇ ನಂಬುತ್ತಿರಲಿಲ್ಲ.

ಕಿಟಕಿಯಿಂದ ಬೆಳಗಿನ ಬಿಸಿಲು ಮಂಚದ ಮೇಲೆ ಬಿದ್ದಿತ್ತು. ಅವನು ಸ್ಟೂಲಿನ ಮೇಲೆ ಕೂತು ಅವಳಿಗೆ ಚಮಚೆಯಲ್ಲಿ ಗಂಜಿ ಕುಡಿಸುತ್ತಿದ್ದ. ಎಡ ತೋಳಿಗೆ ಪಟ್ಟಿ, ತುಟಿಗೆ ಹೊಲಿಗೆ. ಪ್ರತಿ ಸಲ ಗಂಜಿಯನ್ನು ಊದಿ ಆರಿಸಿ ಬಾಯಿಗಿಡುತ್ತಿದ್ದ. ಇಷ್ಟು ಹೊತ್ತು ಇಬ್ಬರೂ ಎದುರುಬದುರು ಕೂತದ್ದು ಅವಳಿಗೆ ನೆನಪಿರಲಿಲ್ಲ.

“ಒಂದು ಮಾತು ಕೇಳ್ಲಾ?” ಎಂದಳು.

“ಕೇಳು.”

“ಮೂರೇಟಿಗೇ ಮೊಳೆ ಇಳಿದಿತ್ತಲ್ಲ. ಸಾಕು ಅಂದೆ, ಕೇಳಿಸ್ಲಿಲ್ವಾ?”

ಅವನು ಚಮಚೆಯನ್ನು ಬಟ್ಟಲಲ್ಲಿಟ್ಟ.

“ಕೇಳಿಸ್ತು.”

“ಮತ್ತೆ?”

“ಕೈ ನಿಲ್ಲಲಿಲ್ಲ ಕಣೇ.”

ಅದು ತನ್ನ ಕೈಯಿಂದ ಅವನ ಕೈಗೆ ದಾಟಿದ್ದೋ, ಹನ್ನೊಂದು ವರ್ಷದಿಂದ ಅವನೊಳಗೇ ಇದ್ದದ್ದೋ, ಅವಳಿಗೆ ತಿಳಿಯಲಿಲ್ಲ. ಅವನಿಗೂ ತಿಳಿದಂತೆ ಕಾಣಲಿಲ್ಲ. ಅವನು ತಲೆಯೆತ್ತಿ ಅವಳನ್ನು ನೋಡಿ ನಗಲು ನೋಡಿದ. ಹೊಲಿಗೆ ಎಳೆದು ನಗು ಅರ್ಧಕ್ಕೇ ನಿಂತಿತು. ಆಮೇಲೆ, ಯಾರೋ ಹೇಳಿಕೊಟ್ಟ ಮಗುವಿನ ಹಾಗೆ, ತನ್ನ ಬಲಗೈಯನ್ನು ತೊಡೆಯ ಕೆಳಗೆ ತೂರಿಸಿ, ಅದರ ಮೇಲೆ ಮೈಭಾರ ಬಿಟ್ಟು, ಗಟ್ಟಿಯಾಗಿ ಕೂತುಕೊಂಡ.

ಸ್ಟೂಲು ಮೆಲ್ಲಗೆ ಅಲುಗಿತು.

ಅವಳು ಅವನ ಮುಖದಿಂದ ಕಣ್ಣು ತೆಗೆಯದೆ, ಎಡಗೈಯಿಂದ ಹೊದಿಕೆಯ ಕೆಳಗೆ ಕರೆಗಂಟೆಯ ಗುಂಡಿಯನ್ನು ಹುಡುಕತೊಡಗಿದಳು.