ಕಡೆಯ ಊರಿಗೆ ಮೊದಲ ಆಟ

"ಹಲಗಿ ಯಾರ್ರೀ ಹಾಕಿದವರು? ಇವತ್ತ ನಮ್ಮ ನೀರಿನ ಪಾಳಿ ಅದ."

ಕಾಲುವೆ ಏರಿಯ ಮೇಲೆ ಸೊಂಟಕ್ಕೆ ಸೆರಗು ಬಿಗಿದು ನಿಂತಿದ್ದಳು ಮೌನಮ್ಮ. ಆ ದನಿಗೆ ಕ್ಯಾಮೆರಾ ಹಿಂದಿದ್ದ ಅಂಬ್ರಪ್ಪ ಬೆಚ್ಚಿಬಿದ್ದ. ಒಂದು ದೃಶ್ಯಕ್ಕೆ ನೀರು ಅಲುಗಾಡದೆ ನಿಲ್ಲಲಿ ಎಂದು ತೂಬಿಗೆ ಹಲಗೆ ಇಡಿಸಿದ್ದವನು ಅವನೇ.

"ಐದು ನಿಮಿಷ ಅಷ್ಟೇರಿ..."

"ಶಹಾಪುರದಿಂದ ಇಲ್ಲಿತನಕ ಎಲ್ಲಾರೂ ಐದೈದು ನಿಮಿಷ ಅಂದ್ರ ನಮ್ಮ ಮೆಣಸಿನಗಿಡಕ್ಕ ಏನ್ ಉಳೀತದ?"

ಅಂಬ್ರಪ್ಪ ಪ್ಯಾಂಟು ಮಡಚಿ ನೀರಿಗಿಳಿದು ಹಲಗೆ ಕಿತ್ತ.

"ತಪ್ಪಾತ್ರಿ."

ಹಾಗೆ ನೇರವಾಗಿ ತಪ್ಪೊಪ್ಪಿಕೊಳ್ಳುವ ಗಂಡಸನ್ನು ಮೌನಮ್ಮ ಕಂಡಿದ್ದೇ ಅಪರೂಪ. ಸಿಟ್ಟು ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ.

ಸುರಪುರದ ಅಂಬ್ರಪ್ಪ ಯಾವ ನಿರ್ಮಾಪಕರ ಹಂಗೂ ಇಲ್ಲದೆ, ಗೆಳೆಯರನ್ನು ಕಟ್ಟಿಕೊಂಡು, ನೀರಿಗೆ ಕಾಯುವ ಜನರ ಸಿನಿಮಾ ಮಾಡುತ್ತಿದ್ದ. ಮೌನಮ್ಮನದು ಕಾಲುವೆಯ ಕಟ್ಟಕಡೆಯ ಊರು. ಮೇಲೆ ಹುಣಸಗಿ ಕಡೆಯ ಗದ್ದೆಗಳೆಲ್ಲ ಕುಡಿದು ತಣಿದ ಮೇಲೆ ಇಲ್ಲಿಗೆ ನೀರು. ಅವಳ ಅಜ್ಜಿ ತಿಮ್ಮವ್ವ ಸಿನಿಮಾದಲ್ಲೂ ಅಜ್ಜಿಯಾದಳು. ಮೌನಮ್ಮ ಎಲ್ಲರಿಗೂ ರೊಟ್ಟಿ ಬಡಿದಳು, ಅಂಬ್ರಪ್ಪನ ತಾಟಿಗೆ ಮಾತ್ರ ಒಂದು ಹೆಚ್ಚು. ಊರಿಗೆಲ್ಲ ಅರ್ಥವಾದದ್ದು ಆ ಇಬ್ಬರಿಗೆ ಮಾತ್ರ ಅರ್ಥವಾಗಿರಲಿಲ್ಲ ನೋಡಿ.

ಚಿತ್ರೀಕರಣ ಮುಗಿದ ದಿನ ಅವನೆಂದ, "ಮೊದಲ ಆಟ ನಿಮ್ಮೂರಾಗರಿ. ಇದು ನನ್ನ ಮಾತು."

ಆ ಮಾತು ನಂಬಿ ಮೌನಮ್ಮ ಮನೆಮನೆಗೆ ಹೋಗಿ ಕರೆದು ಬಂದಳು. ತೆರೆಯಾಗಲೆಂದು ಶಾಲೆಯ ಗೋಡೆಗೆ ಸುಣ್ಣ ಬಳಿಸಿದಳು.

ಹೇಳಿದ ದಿನ ಅಂಬ್ರಪ್ಪ ಬರಿಗೈಯಲ್ಲಿ ಬಂದ.

"ಪುಣೆಯ ಚಿತ್ರೋತ್ಸವಕ್ಕ ನಮ್ಮ ಸಿನಿಮಾ ಆರಿಸ್ಯಾರ್ರಿ. ಸಿನಿಮಾ ಕೊಂಡು ಥೇಟರಿಗೆ ಹಾಕೋ ವಿತರಕರು ಅಲ್ಲಿಗೆ ಬರ್ತಾರ. ಅವರ ಕಣ್ಣಿಗೆ ಬೀಳಲಿಲ್ಲ ಅಂದ್ರ ಇದು ಡಬ್ಬ್ಯಾಗ ಉಳೀತದ. ಆದ್ರ... ಅದಕ್ಕಿಂತ ಮೊದಲ ಎಲ್ಲೂ ತೋರಿಸಬಾರದು ಅಂತ ಕರಾರು."

ಮೌನಮ್ಮನ ಮುಖ ಸಣ್ಣದಾಯಿತು.

"ನೀರೂ ಮೇಲಿನೋರಿಗೆ ಮೊದಲ, ಸಿನಿಮಾನೂ ಮೇಲಿನೋರಿಗೆ ಮೊದಲ. ಹೋಗ್ರಿ."

ಅವನು ಹೋದ. ಕೆಲವು ದಿನಗಳ ಮೇಲೆ ಚಹಾದಂಗಡಿಯ ಮಲ್ಕಪ್ಪ ಅವಳನ್ನು ಕರೆದು ಹೇಳಿದ, "ನಿಮ್ಮ ಡೈರೆಕ್ಟರ್ ಸಿನಿಮಾ ಬೆಂಗಳೂರಾಗ ಬಿಡತಾರಂತವ್ವ. ಪೇಪರಿನ್ಯಾಗ ಬಂದದ."

ಮನೆಯ ದಾರಿಯುದ್ದಕ್ಕೂ ಅವಳಿಗೆ ಒಂದೇ ಯೋಚನೆ. 'ಊರನ್ನೇ ಮರೆತವನಿಗೆ ನಾನೆಲ್ಲಿ ನೆನಪಿರುತ್ತೇನೆ...'

ಸಂಜೆ ಅವನ ಫೋನ್ ಬಂತು. ಅವಳು ಎತ್ತಲಿಲ್ಲ.

"ಎತ್ತಬಾರದೇನ?" ತಿಮ್ಮವ್ವ ಎಲೆಗೆ ಸುಣ್ಣ ಸವರುತ್ತ ಕೇಳಿದಳು.

"ಊರ ಮುಂದ ನನ್ನ ಮಾನ ಕಳದಾನ, ಯಾಕ ಎತ್ಲಿ?"

"ವರ್ಸಾ ನೀರಿಗೆ ಕಾಯ್ತೀ. ಮನಷ್ಯಾಗ ನಾಕು ದಿನ ಕಾಯಾಕ ಆಗಲ್ಲೇನ?"

ಮೌನಮ್ಮನ ಕಣ್ಣು ತುಂಬಿ ಬಂತು. ಅವಳಿಗೆ ಅವನ ಮೇಲಿದ್ದ ಸಿಟ್ಟಿಗಿಂತ, ಇನ್ನೂ ಅವನಿಗಾಗಿ ಕಾಯುತ್ತಿರುವ ತನ್ನ ಮೇಲಿನ ಸಿಟ್ಟೇ ಹೆಚ್ಚು.

ಮುಂದಿನ ಪಾಳಿಯ ಬೆಳಿಗ್ಗೆ ಸಲಿಕೆ ಹಿಡಿದು ಹೋದರೆ, ಅಂಬ್ರಪ್ಪ ಆಗಲೇ ಮೊಣಕಾಲುದ್ದ ನೀರಲ್ಲಿ ನಿಂತು ತೂಬಿನ ಹಲಗೆ ಎತ್ತುತ್ತಿದ್ದ.

"ಬೆಂಗಳೂರಿಗೆ ಹೋಗಲಿಲ್ಲೇನ್ರಿ?"

"ಪುಣೆಯಾಗ ಒಬ್ಬರು ದೊಡ್ಡ ವಿತರಕರು, ಮೊದಲ ಬೆಂಗಳೂರಾಗ ಬಿಡ್ತೀವಿ ಅಂದ್ರು. ನಾ ಒಲ್ಲೆ ಅಂದೆ. ಅಷ್ಟರಾಗ ಪೇಪರಿನವರು ಬರದುಬಿಟ್ಟಿದ್ರು. ಹೇಳಾಕ ಫೋನ್ ಮಾಡಿದ್ರ ನೀವು ಎತ್ತಲಿಲ್ಲ."

"ಹಂಗಾದ್ರ... ಸಿನಿಮಾ ಡಬ್ಬ್ಯಾಗ ಉಳೀತೇನ್ರಿ?"

"ಇಲ್ರಿ. ಕಡೀ ದಿನ ಇನ್ನೊಬ್ರು ಬಂದ್ರು, ಸಣ್ಣ ಕಂಪನಿಯವರು. 'ಎಲ್ಲಿಂದ ಶುರು ಮಾಡೋಣ?' ಅಂತ ನನ್ನ ಕೇಳಿದ್ರು. 'ನೀರು ಮೇಲಿನಿಂದ ಕೆಳಗ ಬರ್ತದ, ಸಿನಿಮಾ ಕೆಳಗಿನಿಂದ ಮೇಲ ಹೋಗ್ಲಿ' ಅಂದೆ. ನಿಮ್ಮೂರು, ವಡಗೇರಾ, ಶಹಾಪುರ, ಸುರಪುರ, ಹುಣಸಗಿ. ಬೆಂಗಳೂರಿನೋರ ಪಾಳಿ ಆಮ್ಯಾಲ."

ಕಿತ್ತ ಹಲಗೆಯನ್ನು ಏರಿಯ ಮೇಲಿಟ್ಟು ಅವನೇ ಹೇಳಿದ, "ಪುಣೆಯೋರು ನಿಮಗಿಂತ ಮೊದಲ ನೋಡಿದ್ರು. ಮಾತು ತಪ್ಪಿದ್ದು ಖರೇ. ಉಳಿದಿದ್ದನ್ನಾದ್ರೂ ಉಳಿಸಿಕೊಳ್ಳಾಕ ಬಂದೀನಿ."

ಮೌನಮ್ಮ ಸಲಿಕೆ ಕೆಳಗಿಟ್ಟಳು. "ಫೋನ್ ಎತ್ತಬೇಕಿತ್ತು. ತಪ್ಪಾತ್ರಿ."

ಆ ಸಂಜೆ ಕತ್ತಲಾಗುತ್ತಲೇ ಶಾಲೆಯ ಗೋಡೆ ಬೆಳಗಿತು. ಊರೆಲ್ಲ ಚಾಪೆ ಹಾಸಿ ಕೂತಿತ್ತು. ಗೋಡೆಯ ಮೇಲೆ ಮೊದಲು ಕಂಡದ್ದು ಕಾಲುವೆ ಏರಿ, ಅದರ ಮೇಲೆ ಸೊಂಟಕ್ಕೆ ಸೆರಗು ಬಿಗಿದ ಹುಡುಗಿ. "ಹಲಗಿ ಯಾರ್ರೀ ಹಾಕಿದವರು?"

ಅವತ್ತು ಕ್ಯಾಮೆರಾ ನಿಂತೇ ಇರಲಿಲ್ಲ! ಊರು ಬಿದ್ದು ಬಿದ್ದು ನಕ್ಕಿತು. ಮೌನಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಇದನ್ನ್ಯಾಕ ಇಟ್ಟೀರಿ?"

"ನನ್ನ ಕತಿ ಅಲ್ಲಿಂದಾನೇ ಶುರು ಆಗಿದ್ದು, ಮೌನಮ್ಮ." ಪಕ್ಕದಲ್ಲಿದ್ದ ಅಂಬ್ರಪ್ಪನ ದನಿ ತಗ್ಗಿತು. "ಅವತ್ತಿನಿಂದ ನೀ ಅಂದ್ರ ನನಗ ಜೀವ."

"ಪುಣೆಯಾಗೂ ಹಿಂಗ ಹೇಳಿ ಬಂದೀರೇನು?"

"ಇಲ್ಲ. ಇದನ್ನ ಎಲ್ಲೂ ಹೇಳಿಲ್ಲ. ಮೊದಲ ಆಟ ಇದೇ."

ಅವಳು ಮೆಲ್ಲಗೆ ಅವನ ಕೈ ಹಿಡಿದಳು. "ಹಂಗಾದ್ರ ಇನ್ನೊಮ್ಮೆ ಹೇಳ್ರಿ."

ಮುಂದೆ ಕೂತಿದ್ದ ತಿಮ್ಮವ್ವ ಹಿಂತಿರುಗಿ ನೋಡಿದಳು.

"ಅದೆಲ್ಲಾ ಆಮ್ಯಾಲ ಹೇಳ್ಕೋರಿ. ಈಗ ಗ್ವಾಡಿ ಮ್ಯಾಲ ನನ್ನ ಪಾಳಿ ಬಂದದ, ನೋಡಾಕ ಬಿಡ್ರಿ."