ಗವಿಗೆ ಹೊರಟ ತಪ್ಪೇಲಿಗಳು

ಕುರಿ ಕಾಯುವ ಯಲ್ಲಪ್ಪ ಕೊಣ್ಣೂರಿನ ಜಿನ್ನವ್ವನ ಅಂಗಳಕ್ಕೆ ಬಂದು ನಿಂತಾಗ ಇನ್ನೂ ಬೆಳಕು ಹರಿದಿರಲಿಲ್ಲ. ಕಂಬಳಿಯೆಲ್ಲ ಇಬ್ಬನಿಗೆ ತೊಯ್ದಿತ್ತು.

"ಅಕ್ಕಾರ, ನಿಮ್ಮಣ್ಣ ದಾದಾಸಾಹೇಬ್ರು ಸಿಕ್ಕಾರ್ರಿ. ಹಾರುಗಲ್ಲಿನ ಮ್ಯಾಲ ಪಾದದ ಗವಿ ಐತೆಲ್ಲ, ಅದರಾಗ ಬಿದ್ದಾರ. ಕಾಲು ಮುರದೈತಿ."

ಜಿನ್ನವ್ವನ ಕೈಯ ಕಸಬರಿಗೆ ಕೆಳಗೆ ಬಿತ್ತು. ಪ್ರತಿ ಕಾರ್ತಿಕದಲ್ಲೂ ಅಣ್ಣ ಆ ಗವಿಗೆ ಒಬ್ಬನೇ ಹೋಗಿ, ಕಲ್ಲಲ್ಲಿ ಕೆತ್ತಿದ ಪಾದಗಳ ಮುಂದೆ ಎರಡು ದಿನ ಕೂತು ಬರುತ್ತಿದ್ದ. ಈ ಸಲ ಹೋಗಿ ನಾಲ್ಕನೆಯ ದಿನ.

"ಜೀವ ಐತೇನೋ?"

"ಐತ್ರಿ. ನಿನ್ನೆ ಸಂಜೀಕ ನೋಡಿದೆ. ರೊಟ್ಟಿ ಕೊಟ್ಟೆ, ಹಾಲು ಕೊಟ್ಟೆ, ನೀರು ಕೊಟ್ಟೆ. ಕೈ ಮುಗದ್ರು, ಮುಟ್ಟಲಿಲ್ಲ. ತಂದಿದ್ದ ನೀರು ಮೊನ್ನೇನ ತೀರೇತಂತ. ಬೆನ್ನಿಗೆ ಕಟ್ಟಿಕೊಂಡು ಬರ್ತಿದ್ದೆ, ಆದ್ರ ಹಾರುಗಲ್ಲು ಇಳಿಯಾಕ ನನಗ ಎರಡೂ ಕೈ ಬೇಕ್ರಿ. ಅವರು ನನ್ನ ಹೆಗಲು ಗಟ್ಟಿ ಹಿಡಕೋಬೇಕು. ಹೊಟ್ಟ್ಯಾಗ ಏನಾರ ಬೀಳದ ಆ ಕಸುವು ಎಲ್ಲಿಂದ ಬರ್ಬೇಕು?"

ದಾದಾಸಾಹೇಬ ಕಟ್ಟಾ ಜೈನ ವ್ರತಸ್ಥ. ಬಟ್ಟೆಯಲ್ಲಿ ಸೋಸದ ನೀರು ಕುಡಿಯುವವನಲ್ಲ. ಸೋಸಿದರೂ ಹಸಿ ನೀರು ಸಲ್ಲದು, ಕುದಿಸಲೇಬೇಕು. ಕುದಿಸಿದ್ದು ಮರುದಿನದ ತನಕ ನಡೆಯುತ್ತದೆ. ಹೊತ್ತು ಮುಳುಗಿದ ಮೇಲೆ, ಮರುದಿನ ಹೊತ್ತು ಹುಟ್ಟಿ ಎರಡು ಘಳಿಗೆ ಕಳೆಯುವ ತನಕ, ಗುಟುಕು ನೀರೂ ಇಲ್ಲ. ಊರಲ್ಲಿ ಬೇಯಿಸಿ ಹೊತ್ತು ತಂದ ಅನ್ನ ಅವನಿಗೆ ಅನ್ನವೇ ಅಲ್ಲ. ಅಂದರೆ ಒಲೆಯೇ ಗವಿಗೆ ಹೋಗಬೇಕು. ಅವನಿಗೆ ಸಲ್ಲುವ ಅಡಿಗೆ ಮಾಡಲು ಒಡಹುಟ್ಟಿದ ಜಿನ್ನವ್ವನನ್ನು ಬಿಟ್ಟು ಯಾರಿದ್ದರು?

ಆದರೆ ಆ ಅಣ್ಣ ಒಂಬತ್ತು ವರ್ಷದಿಂದ ಅವಳ ಮನೆಯಲ್ಲಿ ಹನಿ ನೀರು ಮುಟ್ಟಿರಲಿಲ್ಲ. ಮಗಳ ಮದುವೆಯ ದಿನ ಗಂಡಿನ ದಿಬ್ಬಣ ಕಣಗಲಾದಿಂದ ತಡವಾಗಿ ಬಂತು. ಅಣ್ಣ ಉಣ್ಣದೆ ಎದ್ದರೆ ನಾಲ್ಕು ಜನರ ಮುಂದೆ ಮರ್ಯಾದೆ ಹೋಗುತ್ತದೆಂದು ಹೆದರಿ ಜಿನ್ನವ್ವ, "ಇನ್ನೂ ಹೊತ್ತು ಐತಿ ಅಣ್ಣಾ, ಕೂಡು" ಎಂದುಬಿಟ್ಟಳು. ಎರಡು ತುತ್ತು ಉಂಡವನು ಚಪ್ಪರದ ಸಂದಿನಲ್ಲಿ ಆಕಾಶದ ಚುಕ್ಕೆ ಕಂಡ. ಎಲೆ ಬಿಟ್ಟು ಎದ್ದು ಹೋದ. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಜಿನ್ನವ್ವ ಸೆರಗು ಸಿಕ್ಕಿಸಿ ಅಡಿಗೆಮನೆಗೆ ನುಗ್ಗಿದಳು. ದೊಡ್ಡ ತಾಮ್ರದ ಹಂಡೆ ನೋಡಿ, ಇದನ್ನು ಹೊರಲು ಎತ್ತೇ ಬೇಕು ಎಂದು ಬಿಟ್ಟಳು. ಮಣ್ಣಿನ ಗಡಿಗೆ ಬಂಡೆಗೆ ತಾಗಿದರೆ ಮುಗಿಯಿತು. ಹಿತ್ತಾಳೆಯ ತಪ್ಪೇಲಿಗಳನ್ನು ಒಂದೊಂದಾಗಿ ಇಳಿಸಿ, ಬೆರಳಿಂದ ಬಾರಿಸಿ, ದೀಪದ ಬೆಳಕಿಗೆ ಒಳಗಿನ ಕಲಾಯಿ ನೋಡಿದಳು. ಒಂದರ ತಳದಲ್ಲಿ ಹಳದಿ ಇಣುಕುತ್ತಿತ್ತು. ಹಸಿದ ಹೊಟ್ಟೆಗೆ ಕಿಲುಬು ಹೋದೀತೆಂದು ಅದನ್ನು ಪಕ್ಕಕ್ಕಿಟ್ಟಳು. ಕೊನೆಗೆ ಮೂರು ಉಳಿದವು: ನೀರು ಸೇದಲು ದೊಡ್ಡದು, ಸೋಸಿ ಹಿಡಿಯಲು ನಡುವಿನದು, ಬೇಯಿಸಲು ಚಿಕ್ಕದು. ಒಂದರೊಳಗೊಂದು ಕೂತು ಒಂದೇ ಗಂಟಾದವು. ಚಿಕ್ಕದರ ಹೊಟ್ಟೆಗೆ ಅಕ್ಕಿನುಚ್ಚು, ಹೆಸರುಬೇಳೆ, ಉಪ್ಪು, ತುಪ್ಪದ ಡಬ್ಬಿ. ಮುಚ್ಚಳವೇ ತಾಟು. ಸೋಸುವ ಬಟ್ಟೆಯನ್ನು ಸೊಂಟಕ್ಕೆ ಸುತ್ತಿಕೊಂಡಳು.

ಹಬ್ಬಕ್ಕೆ ಬಂದಿದ್ದ ಅಳಿಯ ಕುಂಥುನಾಥ ತಾನೂ ಬರುತ್ತೇನೆಂದ. ಆ ತಡವಾದ ದಿಬ್ಬಣದ ಮದುಮಗ ಅವನೇ.

"ಅತ್ತಿ, ನನ್ನ ಕಡೆ ಹೊಸಾ ಜರ್ಮನ್ ಡಬರಿ ಐತ್ರಿ. ಬೆಳಗಾಂವದಾಗ ತಗೊಂಡದ್ದು. ಎಷ್ಟು ಹಗರ ಐತಿ ನೋಡ್ರಿ!"

"ಅಣ್ಣ ಜರ್ಮನ್ನಾಗ ಉಣ್ಣಾಂಗಿಲ್ಲ, ಅಳಿಯಾರ. ಅಲ್ಲೇ ಇಡ್ರಿ."

ಕುಂಥುನಾಥ ಆ ಅಲ್ಯೂಮಿನಿಯಂ ಪಾತ್ರೆಯನ್ನು ಕೆಳಗಿಟ್ಟ. ಆದರೆ ಗಂಟನ್ನು ಬೆನ್ನಿಗೇರಿಸುವಾಗ ಅತ್ತೆಯ ಕಣ್ಣು ತಪ್ಪಿಸಿ ಅದನ್ನೂ ಹೊರಗಡೆ ನೇತುಹಾಕಿಕೊಂಡ. ಹೊಸ ವಸ್ತುವಿನ ಮೋಹ ಬಹಳ ಕೆಟ್ಟದ್ದಪ್ಪಾ!

ಜಲಪಾತ ದಾಟಿ ಘಟಪ್ರಭೆಯ ಕಮರಿಗೆ ಇಳಿದಾಗ ಬಿಸಿಲು ಬಂದಿತ್ತು. ಮೇಲೆ ಬೀಳುವ ನೀರಿನ ಸದ್ದು ಹೆಜ್ಜೆಹೆಜ್ಜೆಗೆ ದೂರವಾಗಿ, ಕೊನೆಗೆ ಯಾರೋ ನಿದ್ದೆಯಲ್ಲಿ ಉಸಿರಾಡಿದ ಹಾಗೆ ಕೇಳತೊಡಗಿತು. ನೀರಿನ ಹುಡಿ ಗಾಳಿಯಲ್ಲಿ ತೇಲಿ ಬಂದು ರೆಪ್ಪೆಯ ಮೇಲೆ ಕೂರುತ್ತಿತ್ತು. ಎರಡೂ ಕಡೆ ಕೆಂಪು ಬಂಡೆಗಳು ಪದರು ಪದರಾಗಿ ಆಕಾಶಕ್ಕೆ ಏರಿದ್ದವು. ಅವುಗಳ ನಡುವೆ ಪಾರಿವಾಳಗಳು ಸದ್ದಿಲ್ಲದೆ ಸುತ್ತುತ್ತಿದ್ದವು. ಜಿನ್ನವ್ವನಿಗೆ ತಾನು ನಡೆಯುತ್ತಿದ್ದೇನೆಯೋ, ಬಂಡೆಗಳೇ ಹಿಂದಕ್ಕೆ ಸರಿಯುತ್ತಿವೆಯೋ ತಿಳಿಯಲಿಲ್ಲ. ಚಿಕ್ಕವಳಿದ್ದಾಗ ಅಣ್ಣ ಇದೇ ಹೊಳೆಯ ಮರಳಲ್ಲಿ ಗುಬ್ಬಿಮನೆ ಕಟ್ಟಿ ಕೊಡುತ್ತಿದ್ದ. ಆಗ ಅವಳು ಮರಳಿನ ಅನ್ನ ಬಡಿಸಿದರೆ ಬಾಯಿ ಚಪ್ಪರಿಸಿ ಉಂಡಂತೆ ಮಾಡುತ್ತಿದ್ದ.

ನಡು ಹಗಲು ಇಳಿಯುವ ಹೊತ್ತಿಗೆ ಹಾರುಗಲ್ಲು ಎದುರಾಯಿತು. ನೆಟ್ಟಗೆ ನಿಂತ ಬಂಡೆ. ಹೆಜ್ಜೆ ಇಡಲು ಅಲ್ಲಲ್ಲಿ ಅಂಗೈಯಗಲದ ಮೆಟ್ಟು. ಯಲ್ಲಪ್ಪ ಬರಿಗಾಲಲ್ಲಿ ಹತ್ತಿ ಮೇಲಿನ ಅತ್ತಿಮರಕ್ಕೆ ಹಗ್ಗ ಬಿಗಿದ. ಜಿನ್ನವ್ವ ಕಚ್ಚೆ ಬಿಗಿದು, ಕೆಳಗೆ ನೋಡದೆ, ಬಾಯಲ್ಲಿ ಮಂತ್ರ ಹೇಳುತ್ತ ಹತ್ತಿದಳು.

ಕುಂಥುನಾಥ ಕೊನೆಗೆ ಹೊರಟ. ಅರ್ಧ ಏರಿದ್ದ. ಹೊರಗೆ ನೇತಾಡುತ್ತಿದ್ದ ಜರ್ಮನ್ ಡಬರಿ ಕಾರೆಮುಳ್ಳಿನ ಪೊದೆಗೆ ಸಿಕ್ಕಿತು.

ಅವನು ಜಗ್ಗಿದ. ಬರಲಿಲ್ಲ. ಇನ್ನೊಮ್ಮೆ ಜಗ್ಗಿದ.

ಕಾಲ ಕೆಳಗಿನ ಕಲ್ಲು ಕಳಚಿತು.

"ಹಗ್ಗ ಬಿಡಬ್ಯಾಡ್ರೀ!" ಯಲ್ಲಪ್ಪ ಕೂಗಿದ.

ಗಂಟು ಬಿಚ್ಚಿತು. ಡಬರಿ ಹೋಯಿತು. ಅದರ ಹಿಂದೆ ದೊಡ್ಡ ತಪ್ಪೇಲಿ, ಅದರ ಹಿಂದೆ ನಡುವಿನದು. ಬಂಡೆಯಿಂದ ಬಂಡೆಗೆ ಪುಟಿಯುತ್ತ, ಕಮರಿಯನ್ನೆಲ್ಲ ಗಂಟೆಯ ಹಾಗೆ ಬಾರಿಸುತ್ತ, ಹೊಳೆಯ ಪಾಲಾದವು. ಕುಂಥುನಾಥ ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಚಿಕ್ಕ ತಪ್ಪೇಲಿ ಎದೆಗವಚಿಕೊಂಡು ಒಂದು ಸಣ್ಣ ಚಾಚುಗಲ್ಲಿನ ಮೇಲೆ ಕುಸಿದ. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ.

ಯಲ್ಲಪ್ಪ ಬಳಸಿ ಇಳಿದು, ಅವನ ಸೊಂಟಕ್ಕೆ ಹಗ್ಗ ಸುತ್ತಿ, ಮೇಲೆ ತರುವಷ್ಟರಲ್ಲಿ ಎರಡು ತಾಸು ಕಳೆಯಿತು. ಅಳಿಯನ ಮೊಣಕೈಯಿಂದ ರಕ್ತ ಇಳಿಯುತ್ತಿತ್ತು.

"ನಿಮ್ಮ ಜರ್ಮನ್ ಹಗರ ಇತ್ತು ಖರೆ," ಎಂದಳು ಜಿನ್ನವ್ವ. "ನನ್ನ ಎರಡು ತಪ್ಪೇಲಿ ಕರಕೊಂಡ ಹೋತು. ಏಳ್ರಿ ಈಗ, ಅಳಾಕ ಹೊತ್ತಿಲ್ಲ."

ಗವಿಯ ಒಳಗೆ ದಾದಾಸಾಹೇಬ ಗೋಡೆಗೊರಗಿದ್ದ. ತುಟಿ ಒಡೆದಿತ್ತು, ಕಣ್ಣು ಗುಳಿಬಿದ್ದಿತ್ತು. ತಂಗಿಯನ್ನು ಕಂಡು, "ಜಿನ್ನಿ, ನೀ ಯಾಕ ಬಂದಿ?" ಎಂದ. ಮಾತು ಕಾಗದ ಸವರಿದಷ್ಟೇ ಕೇಳಿತು.

"ಗಂಜಿ ಕಾಸಾಕ ಬಂದೆ," ಎಂದು ಅವಳು ಹೊರಗೆ ಓಡಿದಳು. ಅಲ್ಲೇ ನಿಂತಿದ್ದರೆ ಅತ್ತುಬಿಡುತ್ತಿದ್ದಳು.

ಬಂಡೆಯ ಬಿರುಕಿನಲ್ಲಿ ನೀರು ಜಿನುಗುತ್ತಿತ್ತು, ಹನಿ ಹನಿಯಾಗಿ. ಸೋಸದ ನೀರು ಅಡಿಗೆಯ ತಪ್ಪೇಲಿಗೆ ತಾಗಕೂಡದು. ಸೇದುವ ಪಾತ್ರೆಯೋ ಹೊಳೆಯಲ್ಲಿತ್ತು. ಯಲ್ಲಪ್ಪ ಮುತ್ತುಗದ ಎಲೆ ಕಿತ್ತು, ಕಡ್ಡಿ ಚುಚ್ಚಿ ದೊನ್ನೆ ಮಾಡಿಕೊಟ್ಟ. ದೊನ್ನೆಗೆ ಹಿಡಿದ ನೀರನ್ನು ಅವಳು ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸಿ ತಪ್ಪೇಲಿಗೆ ಬಿಟ್ಟಳು. ಪ್ರತಿ ಸಲವೂ ಬಟ್ಟೆಯನ್ನು ತಿರುವಿ, ಅದರಲ್ಲಿ ಸಿಕ್ಕ ಕಣ್ಣಿಗೆ ಕಾಣದ ಜೀವಗಳನ್ನು ಅದೇ ಬಿರುಕಿಗೆ ಮರಳಿಸಿದಳು. ಕಟ್ಟಿಗೆಯ ತುಂಡುಗಳನ್ನು ಒಂದೊಂದಾಗಿ ಕಲ್ಲಿಗೆ ಬಡಿದು ಇರುವೆ, ಹುಳ ಉದುರಿಸಿದಳು.

"ಅತ್ತಿ, ಲಗೂ ಮಾಡ್ರಿ!" ಕುಂಥುನಾಥ ಚಡಪಡಿಸಿದ.

"ಇದು ಬಿಟ್ರ ಅಂವ ಕುಡಿಯಾಂಗಿಲ್ಲ. ಸುಮ್ನ ಊದ್ರಿ."

ಕಮರಿಗೆ ನೆರಳು ಬೇಗ ಇಳಿಯುತ್ತದೆ. ಸೂರ್ಯ ಎಲ್ಲಿದ್ದಾನೆಂದು ಗವಿಯಿಂದ ಕಾಣುತ್ತಿರಲಿಲ್ಲ. ಯಲ್ಲಪ್ಪನನ್ನು ಗುಡ್ಡದ ನೆತ್ತಿಗೆ ಕಳಿಸಿದಳು. ಹೊತ್ತು ಮುಳುಗಲು ಎಷ್ಟು ಉಳಿದಿದೆಯೆಂದು ಅವನು ಅಲ್ಲಿಂದ ಕೂಗಿ ಹೇಳುತ್ತಿದ್ದ.

"ಒಂದು ಗೇಣು ಐತ್ರೀ!"

ಹೊಗೆ ಎದ್ದಿತು. ಬೆಂಕಿ ಹತ್ತಿತು.

"ಎರಡು ಬೆರಳ್ರೀ!"

ತಪ್ಪೇಲಿಯ ತಳದಲ್ಲಿ ಸಣ್ಣ ಗುಳ್ಳೆಗಳು ಎದ್ದವು. ಜಿನ್ನವ್ವ ಮಂಡಿಯೂರಿ ಊದಿದಳು, ಕಣ್ಣಲ್ಲಿ ನೀರು ಬರುವ ತನಕ ಊದಿದಳು. ನೀರು ಕುದಿಯತೊಡಗಿತು. ಇಳಿಸಿ, ತಾಟಿಗೆ ಬಗ್ಗಿಸಿ, ಆರಿಸತೊಡಗಿದಳು.

"ಹೋತ್ರೀ," ಎಂದಿತು ಮೇಲಿನ ದನಿ.

ಗವಿಯೊಳಗಿಂದ ಅಣ್ಣ ಕೇಳಿದ: "ಜಿನ್ನಿ, ಹೊತ್ತು ಐತೇನು?"

ಅವನು ನೀರಿನ ತಾಟನ್ನೇ ನೋಡುತ್ತಿದ್ದ. ಇದೆ ಎಂದರೆ ಕುಡಿಯುತ್ತಾನೆ, ಬದುಕುತ್ತಾನೆ. ಕುಂಥುನಾಥ ಅವಳ ಕಿವಿಯ ಹತ್ತಿರ ಬಂದು, "ಐತಿ ಅನ್ರಿ ಅತ್ತಿ, ನಿಮ್ಮ ಕಾಲಿಗೆ ಬೀಳ್ತೇನಿ," ಎಂದ. ಜಿನ್ನವ್ವ ತಾಟನ್ನು ಕಲ್ಲಿನ ಮೇಲಿಟ್ಟಳು. ನಾಳೆ ಬೆಳಿಗ್ಗೆ ಇವನು ಏಳದಿದ್ದರೆ? ಆ ಪಾಪ ಯಾರ ತಲೆಗೆ? ಅಯ್ಯೋ ದೇವರೇ, ಒಂದೇ ಒಂದು ಮಾತು!

"ಇಲ್ಲ ಅಣ್ಣಾ," ಎಂದಳು. "ಮುಳುಗೇತಿ. ಈಗಷ್ಟ ಮುಳುಗೇತಿ."

ದಾದಾಸಾಹೇಬ ಅವಳನ್ನೇ ನೋಡಿದ. ಆಮೇಲೆ "ಹ್ಞೂಂ" ಎಂದು ಕಣ್ಣು ಮುಚ್ಚಿದ.

ತಾಟಿನ ನೀರನ್ನು ತಪ್ಪೇಲಿಗೆ ಮರಳಿ ಸುರಿದು, ಅದನ್ನೇ ಮುಚ್ಚಿ, ತೋಯಿಸಿದ ಸೆರಗಿನಿಂದ ಅವನ ಹಣೆ, ಎದೆ ಒರೆಸುತ್ತ ಕೂತಳು. ಕಮರಿಯಲ್ಲಿ ಮಂಜು ತುಂಬಿ ಬಂತು. ಹೊಳೆ, ಬಂಡೆ, ಮರ ಎಲ್ಲ ಕರಗಿ, ಗವಿಯೊಂದೇ ಬಿಳಿ ನೀರಿನ ಮೇಲೆ ತೇಲುವ ಹರಿಗೋಲಿನಂತೆ ಉಳಿಯಿತು. ಅವಳು ಅಣ್ಣನ ಉಸಿರನ್ನು ಎಣಿಸಿದಳು. ನಡುನಡುವೆ ಅದು ನಿಂತಂತಾಗುತ್ತಿತ್ತು. ಆಗೆಲ್ಲ ಅವಳದೂ ನಿಲ್ಲುತ್ತಿತ್ತು.

ಬೆಳಗಾಯಿತು. ಹೊತ್ತು ಹುಟ್ಟಿ ಎರಡು ಘಳಿಗೆ ಕಳೆಯುವುದಕ್ಕೇ ಕಾದಿದ್ದು, ತಾಟನ್ನು ಅವನ ತುಟಿಗೆ ಹಿಡಿದಳು.

ದಾದಾಸಾಹೇಬ ಕುಡಿದ. ಮೊದಲು ಒಂದು ಗುಟುಕು, ನಿಲ್ಲಿಸಿ ಇನ್ನೊಂದು. ಜಿನ್ನವ್ವ ಉಳಿದ ನೀರಿಗೆ ನುಚ್ಚು, ಬೇಳೆ ಹಾಕಿ ತೆಳ್ಳಗೆ ಗಂಜಿ ಕಾಸಿ, ತುಪ್ಪ ಬಿಟ್ಟು, ತಾಟಿನಲ್ಲೇ ಉಣಿಸಿದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಉಣಿಸಿದಳು. ಬಿಸಿಲೇರುವ ಹೊತ್ತಿಗೆ ಅವನು ಯಲ್ಲಪ್ಪನ ಮಣಿಕಟ್ಟನ್ನು ಹಿಡಿದು ಒತ್ತಿ ತೋರಿಸಿದ.

"ಸಾಕೇನೋ ಈ ಕಸುವು?"

"ಸಾಕ್ರಿ. ನೋವಾತು, ಬಿಡ್ರಿ!" ಎಂದು ಯಲ್ಲಪ್ಪ ನಕ್ಕ.

ಮುರಿದ ಕಾಲಿಗೆ ಕಟ್ಟಿಗೆ ಕಟ್ಟಿದರು. ಕಂಬಳಿಯಲ್ಲಿ ಅವನನ್ನು ಯಲ್ಲಪ್ಪನ ಬೆನ್ನಿಗೆ ಬಿಗಿದರು. ಮೇಲೆ ಕುಂಥುನಾಥ ಹಗ್ಗವನ್ನು ಅತ್ತಿಮರಕ್ಕೆ ಸುತ್ತಿ ಸಡಿಲಿಸುತ್ತ ನಿಂತ.

ಒಂದು ಮೆಟ್ಟು. ಇನ್ನೊಂದು ಮೆಟ್ಟು.

ಕಳಚಿದ ಕಲ್ಲಿನ ಜಾಗದಲ್ಲಿ ಯಲ್ಲಪ್ಪನ ಕಾಲು ಗಾಳಿಯಲ್ಲಿ ತಡಕಾಡಿತು. ಇಬ್ಬರೂ ಬಂಡೆಯಿಂದ ಹೊರಗೆ ವಾಲಿದರು.

"ಹಿಡಕೋ ಅಣ್ಣಾ!" ಜಿನ್ನವ್ವ ಚೀರಿದಳು.

ದಾದಾಸಾಹೇಬನ ಬೆರಳುಗಳು ಯಲ್ಲಪ್ಪನ ಹೆಗಲಿಗೆ ಕಚ್ಚಿಕೊಂಡವು. ಕುಂಥುನಾಥನ ಅಂಗೈ ಸುಲಿಯಿತು, ಆದರೂ ಹಗ್ಗ ಬಿಡಲಿಲ್ಲ. ಯಲ್ಲಪ್ಪನ ಹೆಬ್ಬೆರಳಿಗೆ ಮೆಟ್ಟು ಸಿಕ್ಕಿತು. ಮುಂದಿನ ಹತ್ತು ಮಾರು ಅವರು ಉಸಿರು ಬಿಗಿಹಿಡಿದೇ ಇಳಿದರು.

ಹೊಳೆಯ ದಂಡೆಯಲ್ಲಿ ಕೂತು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ನಕ್ಕವನು ಕುಂಥುನಾಥ.

ಜಲಪಾತದ ಹತ್ತಿರ ಚಕ್ಕಡಿ ಸಿಕ್ಕಿತು. ಕೊಣ್ಣೂರು ಮುಟ್ಟಿದಾಗ ಬಿಸಿಲು ಹೊನ್ನಿನ ಬಣ್ಣಕ್ಕೆ ತಿರುಗತೊಡಗಿತ್ತು. ಚಕ್ಕಡಿ ದಾದಾಸಾಹೇಬನ ಓಣಿಗೆ ಹೊರಳುತ್ತಿದ್ದಾಗ ಅವನು ಕೈ ಎತ್ತಿದ.

"ಎಲ್ಲಿಗೆ ಹೊಂಟೀರಿ? ಜಿನ್ನೀ ಮನಿಗೆ ನಡೀರಿ. ಹಸಿವ್ಯಾಗೇತಿ."

ಜಿನ್ನವ್ವ ಚಕ್ಕಡಿಯಿಂದ ಇಳಿದಳು. ಓಡಿಹೋಗಿ ಒಲೆ ಹೊತ್ತಿಸಿದಳು. ಅಣ್ಣನನ್ನು ನಡುಮನೆಯಲ್ಲಿ ಗೋಡೆಗೊರಗಿಸಿ ಕೂರಿಸಿದರು. ಅಲ್ಲಿಗೆ ಕಿಟಕಿಯಿರಲಿಲ್ಲ, ಬಾಗಿಲು ಮುಚ್ಚಿತ್ತು, ಕತ್ತಲೆಂದರೆ ಕತ್ತಲೆ. ಅವಳು ಬಿಸಿ ಅನ್ನ, ತೊವ್ವೆ ಬಡಿಸಿ ತಾಟು ಮುಂದಿಟ್ಟಳು.

"ಹೊತ್ತು ಎಷ್ಟೈತಿ ಜಿನ್ನಿ?"

"ಇನ್ನ ಒಂದು ಗೇಣು ಐತಿ ಅಣ್ಣಾ."

ಕುಂಥುನಾಥ ತಟ್ಟನೆ ಎದ್ದು, ಮಾವನಿಗೆ ಬಿಸಿಲು ಕಾಣಲೆಂದು ಬಾಗಿಲ ಅಗಳಿಗೆ ಕೈ ಹಾಕಿದ.

"ಬ್ಯಾಡ, ಕೂಡ್ರು," ಎಂದ ದಾದಾಸಾಹೇಬ. "ಆಕಿ ಹೇಳ್ಯಾಳಲ್ಲ."

ಹಾಗೆಂದವನೇ ಅನ್ನ ಕಲಸಿದ. ಅವತ್ತು ಅವನು ಎರಡು ಸಲ ಬಡಿಸಿಕೊಂಡು ಉಂಡ.